ಗಳದ ತುದಿಯ ಫೋನು

ಎರಡು ತಿಂಗಳು ಅಪ್ಪ ಮನೆಯಲ್ಲೇ ಕೂತಿದ್ದ. ಜೂನ್, ಜುಲೈ ಮೀನುಗಾರಿಕೆಯ ಬೋಟುಗಳಿಗೆ ಸಮುದ್ರ ಬಂದ್. ಜಗುಲಿಯ ಮೇಲೆ ಕಾಲು ಚಾಚಿ ಬಲೆ ಹೆಣೆಯುತ್ತ, ನಡುನಡುವೆ ಚಾ ಕೇಳುತ್ತ, ಅಂಗಿಯ ಜೇಬಿನಲ್ಲಿ ಫೋನ್ ಇಟ್ಟುಕೊಂಡು ನನ್ನ ಕಣ್ಣೆದುರಿಗೇ ಇದ್ದ. ಆಗ ವಿಶ್ವವಿದ್ಯಾಲಯದ ಪೋರ್ಟಲ್ ತೆರೆಯಲಿಲ್ಲ. ಆಗಸ್ಟಿನಲ್ಲಿ ಬೋಟಿಗೆ ಐಸು, ಡೀಸೆಲ್ಲು ತುಂಬಿ, ಮುಂದಿನ ಕೊಂಬಿಗೆ ಹೂಮಾಲೆ ಏರಿಸಿ ಅವನು ಮೊದಲ ಟ್ರಿಪ್ಪಿಗೆ ಹೊರಟ. ಮಾರನೆಯ ದಿನ ಪೋರ್ಟಲ್ ತೆರೆಯಿತು.

ಇದಕ್ಕೆ ಯಾರನ್ನು ಹಿಡಿದು ಬೈಯಬೇಕು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ದೀಕ್ಷಾ. ಮನೆ ಭಟ್ಕಳದ ತೆಂಗಿನಗುಂಡಿ, ಕಾಲೇಜು ಹೊನ್ನಾವರ, ಬಿ.ಎ. ಕೊನೆಯ ವರ್ಷ. ನಮ್ಮಲ್ಲಿ ಪ್ರತಿ ಸೆಮಿಸ್ಟರಿಗೂ ಒಂದು ವಿಷಯವನ್ನು ನಾವೇ ಆರಿಸಿಕೊಳ್ಳಬೇಕು. ಸರ್ಕಾರದ ಭಾಷೆಯಲ್ಲಿ ಅದು ವಿದ್ಯಾರ್ಥಿಯ ಸ್ವಾತಂತ್ರ್ಯ. ಆ ಸ್ವಾತಂತ್ರ್ಯವನ್ನು ನಾವು ಹೇಗೆ ಬಳಸುತ್ತೇವೆಂದು ಆ ಸರ್ಕಾರಕ್ಕೆ ಗೊತ್ತಾದರೆ ಅದು ಕೂತು ಅಳುತ್ತದೆ. ಪೋರ್ಟಲ್ ತೆರೆಯುವ ಸುದ್ದಿ ಬಂದ ಕೂಡಲೇ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಮಾತು ಶುರು. ಯಾವ ಸರ್ ಇಂಟರ್ನಲ್ ಮಾರ್ಕ್ಸ್ ಧಾರಾಳ ಕೊಡುತ್ತಾರೆ, ಯಾವ ಮೇಡಂ ಹಾಜರಿ ವಿಷಯದಲ್ಲಿ ರಾಕ್ಷಸಿ, ಯಾವುದಕ್ಕೆ ಹೋದ ವರ್ಷದ ನೋಟ್ಸ್ ಸಿಗುತ್ತದೆ ಎಂಬುದೆಲ್ಲ ಅಲ್ಲಿ ಚರ್ಚೆಯಾಗುತ್ತದೆ. ವಿಷಯದೊಳಗೆ ಏನಿದೆ ಎಂದು ಕೇಳಿದವರನ್ನು ನಾನಂತೂ ನೋಡಿಲ್ಲ. ಹಿರೇಗುತ್ತಿಯ ಮಂಜು ಓಂ ಬೀಚಿನ ಒಂದು ಶ್ಯಾಕ್ ಹೋಟೆಲಿನಲ್ಲಿ ಸಂಜೆ ಕೆಲಸ ಮಾಡುತ್ತಾನೆ, ಅವನಿಗೆ ಬೆಳಿಗ್ಗೆಯದೇ ಬೇಕು. ಮುಟ್ಟಳ್ಳಿಯ ದೀಪಿಕಾಗೆ ಬೆಳಿಗ್ಗೆ ಏಳಲು ಆಗುವುದಿಲ್ಲ, ಅವಳಿಗೆ ಮಧ್ಯಾಹ್ನದ್ದು. ಎಲ್ಲರಿಗೂ ಬೇಕಾದದ್ದು ಹೊತ್ತು, ವಿಷಯ ಅಲ್ಲ.

ನನಗೂ ಹೊತ್ತೇ ಬೇಕಿತ್ತು. ಆದರೆ ನನಗೆ ಅದು ಬೀಚಿನ ಕೆಲಸದ ಅಥವಾ ನಿದ್ದೆಯ ಪ್ರಶ್ನೆ ಆಗಿರಲಿಲ್ಲ.

ಅಮ್ಮನ ಮೊಣಕಾಲು ಕೈಕೊಟ್ಟ ಮೇಲೆ ಮಧ್ಯಾಹ್ನದ ಬುಟ್ಟಿ ನನ್ನದು. ಬೆಳಿಗ್ಗೆ ಅಮ್ಮ ಹೇಗೋ ಕುಂಟುತ್ತ ನಮ್ಮ ಕೇರಿಯ ಸುತ್ತಮುತ್ತಲ ಮನೆಗಳಿಗೆ ಮೀನು ಕೊಟ್ಟು ಬರುತ್ತಾಳೆ. ಮಧ್ಯಾಹ್ನ ಸಣ್ಣ ದೋಣಿಗಳು ಬಂದಾಗ ಬಂದರಿನಲ್ಲಿ ನಿಂತು, ಹರಾಜಿನ ಕೂಗಿನಲ್ಲಿ ಮೀನು ಹಿಡಿದು, ಶಿರಾಲಿಯ ಪೇಟೆಯಲ್ಲಿ ಸಂಜೆಯವರೆಗೆ ಕೂತು ಮಾರುವುದು ನಾನು. ಅಪ್ಪ ಸಮುದ್ರದಲ್ಲಿದ್ದಾಗ ಮನೆ ನಡೆಯುವುದು ಇದರಿಂದಲೇ. ಹಾಗಾಗಿ ಅಮ್ಮ ಮೊದಲೇ ಹೇಳಿಬಿಟ್ಟಿದ್ದಳು.

"ನೋಡು, ಬುಟ್ಟಿ ಬಿಡೂಕೆ ಆಗೂದಿಲ್ಲ. ಮಧ್ಯಾಹ್ನದ ಕ್ಲಾಸು ಬಿತ್ತು ಅಂದ್ರೆ ಕಾಲೇಜು ಬಿಡು. ನಂಗೂ ಬೇಜಾರೇ. ಆದ್ರೆ ಎಂತ ಮಾಡೂದು?"

ಅಮ್ಮ ಕೆಟ್ಟವಳಲ್ಲ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಅಷ್ಟೆ. ಹೋದ ವರ್ಷ ನಮ್ಮ ಕೇರಿಯ ವಿನುತಾ ಬಿಟ್ಟದ್ದೂ ಹೀಗೆಯೇ. ಹಾಜರಿ ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಮಧ್ಯಾಹ್ನ ಕ್ಲಾಸಿಗೆ ಕೂತರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಈ ಸಲ ಬೆಳಿಗ್ಗೆಯ ಹೊತ್ತಿಗೆ ಇದ್ದದ್ದು ಒಂದೇ ವಿಷಯ: ಆಹಾರ ಮತ್ತು ಪೋಷಣೆ. ನಲವತ್ತು ಸೀಟು. ಅದು ತುಂಬಿದ ಮೇಲೆ ಬಂದವರಿಗೂ, ಕಡೆಯ ದಿನದೊಳಗೆ ಆರಿಸದವರಿಗೂ ಪೋರ್ಟಲ್ ತಾನೇ ವ್ಯಕ್ತಿತ್ವ ವಿಕಸನವನ್ನು ಕೊಟ್ಟುಬಿಡುತ್ತದೆ. ವ್ಯಕ್ತಿತ್ವ ವಿಕಸನ ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಯಾರ ವ್ಯಕ್ತಿತ್ವವೂ ವಿಕಸಿಸುವುದಿಲ್ಲವಂತೆ.

ಇಷ್ಟೇ ಆಗಿದ್ದರೆ ಪೋರ್ಟಲ್ ತೆರೆದ ದಿನವೇ ನಾನು ಒತ್ತಿ ಮುಗಿಸುತ್ತಿದ್ದೆ. ಆದರೆ ವಿಷಯ ಆರಿಸುವ ಗುಂಡಿ ಒತ್ತಿದ ಮೇಲೆ ಒಂದು ಒಟಿಪಿ ಬರುತ್ತದೆ. ಅದು ಬರುವುದು ಪಾಲಕರ ಮೊಬೈಲಿಗೆ. ಮೊದಲ ವರ್ಷ ಅಡ್ಮಿಶನ್ನಿಗೆ ಅಪ್ಪ ಬಂದಿದ್ದ. ಇಸ್ತ್ರಿ ಅಂಗಿ ಹಾಕಿಕೊಂಡು ಕಚೇರಿಯ ಕಿಟಕಿಯೆದುರು ನಿಂತು, ಕೇಳುವ ಮೊದಲೇ ತನ್ನ ನಂಬರನ್ನು ಬಾಯಿಪಾಠ ಒಪ್ಪಿಸಿದಂತೆ ಹೇಳಿದ್ದ. ಅಂದಿನಿಂದ ನನ್ನ ವಿದ್ಯಾಭ್ಯಾಸದ ಬೀಗದ ಕೈ ಅಪ್ಪನ ಜೇಬಿನಲ್ಲಿ, ಅಪ್ಪ ಸಮುದ್ರದಲ್ಲಿ.

ನಂಬರ್ ಬದಲಿಸಲು ನಾನು ಪ್ರಯತ್ನಿಸಲಿಲ್ಲವೆಂದಲ್ಲ. ಹೋದ ಸೆಮಿಸ್ಟರಿನಲ್ಲೇ ಕಚೇರಿಗೆ ಹೋಗಿ ಕೇಳಿದೆ.

"ಅದು ಇಲ್ಲಿ ಆಗೂದಿಲ್ಲ ತಂಗಿ, ಆನ್‌ಲೈನ್ ಮಾಡ್ಬೇಕು," ಎಂದರು ಗುಮಾಸ್ತರು.

ಆನ್‌ಲೈನಿನಲ್ಲಿ ಮಾಡಿದೆ. ನಂಬರ್ ಬದಲಿಸಲು ಹಳೆಯ ನಂಬರಿಗೆ ಒಟಿಪಿ ಕಳಿಸಿದ್ದೇವೆ ಎಂದಿತು. ಆಗ ಅಪ್ಪ ಸಮುದ್ರದಲ್ಲಿದ್ದ. ಅಪ್ಪ ಮನೆಗೆ ಬಂದಾಗ ಮತ್ತೆ ಮಾಡಿದೆ. ಬದಲಾವಣೆಯ ಅವಧಿ ಮುಗಿದಿದೆ ಎಂದಿತು.

"ಸರ್, ಅವಧಿ ಯಾವಾಗ ಶುರುವಾಗ್ತದೆ?"

"ಪೋರ್ಟಲ್ ತೆರೆದಾಗ."

"ಪೋರ್ಟಲ್ ಯಾವಾಗ ತೆರೀತದೆ?"

"ಅದು ನಮ್ಗೂ ಗೊತ್ತಿಲ್ಲ. ಪೋರ್ಟಲ್‌ನಲ್ಲಿ ಹಾಕ್ತ್ರು, ನೋಡ್ತಾ ಇರು."

ಮುಚ್ಚಿದ ಪೋರ್ಟಲನ್ನು ನೋಡುತ್ತ ಇರಬೇಕಂತೆ! ನನಗೆ ಮೈಯೆಲ್ಲ ಉರಿಯಿತು. ಆದರೂ "ಆತು ಸರ್" ಎಂದು ಬಂದೆ. ನಾವು ಮತ್ತೇನು ಹೇಳಲು ಸಾಧ್ಯ?

ಅದಕ್ಕೇ ಈ ಸಲ ಅಪ್ಪ ಹೊರಡುವ ಬೆಳಿಗ್ಗೆ ಬಂದರಿನಲ್ಲಿ ನಿಂತು ಬೇಡಿಕೊಂಡೆ.

"ಅಪ್ಪಾ, ಫೋನ್ ಬಿಟ್ಟು ಹೋಗು. ಅಲ್ಲಿ ನಿಂಗೆ ಎಂತಕ್ಕೆ ಅದು? ನೆಟ್‌ವರ್ಕೇ ಇರೂದಿಲ್ಲ."

"ಆಗೂದಿಲ್ಲ," ಎಂದ.

"ಎಂತಕ್ಕೆ ಆಗೂದಿಲ್ಲ?"

"ಬೇಕು ನಂಗೆ."

"ಎಂತಕ್ಕೆ ಬೇಕು ಅಂತ ಹೇಳು."

ಅಪ್ಪ ಹಗ್ಗ ಬಿಚ್ಚಲು ಹೇಳಿ ಬೋಟು ಹತ್ತಿದ. ಅಪ್ಪ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಅವನ ಮಾತಿಗೆ ಬೋಟಿನ ಎಂಟು ಜನ ಎದುರಾಡುವುದಿಲ್ಲ, ಹಾಗಾಗಿ ಮನೆಯಲ್ಲೂ ಯಾರೂ ಎದುರಾಡಬಾರದು ಎಂದು ಅವನ ಲೆಕ್ಕ. ಹೊಗೆ ಬಿಟ್ಟು ದೂರ ಹೋಗುತ್ತಿದ್ದ ಬೋಟನ್ನು ನೋಡಿ ನಾನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಪೋರ್ಟಲ್ ತೆರೆದ ಸುದ್ದಿ ತಿಳಿದ ಕೂಡಲೇ ದೇವಪ್ಪ ಮಾವನ ಹತ್ತಿರ ಓಡಿದೆ. ದೇವಪ್ಪ ಮಾವ ಅಪ್ಪನ ಜೊತೆ ಬೋಟಿನಲ್ಲಿದ್ದವನು. ಈಗ ಬಂದರಿನ ಶೆಡ್ಡಿನಲ್ಲಿ ನಮ್ಮ ಕೇರಿಯ ಬೋಟುಗಳ ವಾಯರ್‌ಲೆಸ್ ನೋಡಿಕೊಳ್ಳುತ್ತಾನೆ. ನಾವು ಯೋಚಿಸಿದ ಉಪಾಯ ಹೀಗಿತ್ತು. ಬೋಟು ದಡದ ಕಡೆ ಸ್ವಲ್ಪ ಬಂದರೆ ನೆಟ್‌ವರ್ಕ್ ಒಂದು ಕಡ್ಡಿಯಷ್ಟು ಸಿಗುತ್ತದೆ, ಅದೂ ಎತ್ತರದಲ್ಲಿ. ಬೋಟಿನವರು ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಿದಿರಿನ ಗಳದ ತುದಿಗೆ ಕಟ್ಟಿ ಮೇಲೇರಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಇಳಿಸಿದರೆ ಅಷ್ಟರಲ್ಲಿ ಬಂದ ಮೆಸೇಜುಗಳೆಲ್ಲ ಒಳಗಿರುತ್ತವೆ. ಮಾತಾಡಲು ಆಗುವುದಿಲ್ಲ. ಕೆಳಗಿದ್ದರೆ ನೆಟ್‌ವರ್ಕ್ ಇಲ್ಲ, ಮೇಲಿದ್ದರೆ ಬಾಯಿ ತಲುಪುವುದಿಲ್ಲ. ಹಾಗಾಗಿ ನಾನು ಹೊನ್ನಾವರದಲ್ಲಿ ಗುಂಡಿ ಒತ್ತುವುದು, ಅಪ್ಪ ಗಳ ಏರಿಸಿ ಇಳಿಸಿ ಒಟಿಪಿ ನೋಡುವುದು, ಅದನ್ನು ವಾಯರ್‌ಲೆಸ್‌ನಲ್ಲಿ ದೇವಪ್ಪ ಮಾವನಿಗೆ ಹೇಳುವುದು, ಮಾವ ನನಗೆ ಫೋನ್ ಮಾಡುವುದು. ಒಟಿಪಿಯ ಆಯುಷ್ಯ ಹತ್ತು ನಿಮಿಷ.

ಮಾವ ವಾಯರ್‌ಲೆಸ್‌ನಲ್ಲಿ ಅಪ್ಪನನ್ನು ಹಿಡಿದು ವಿಷಯ ಹೇಳಿದ. ಗರಗರ ಸದ್ದಿನ ನಡುವೆ ಅಪ್ಪನ ಉತ್ತರ ಬಂತು.

"ಆಗೂದಿಲ್ಲ. ಇಲ್ಲಿ ಬಲೆ ಹರದು ಹೋಗಿದೆ. ಕೆಲ್ಸ ರಾಶಿ ಅದೆ."

ನಾನು ಬಾಗಿಲ ಕಡೆ ತಿರುಗಿದೆ. ಮಾವ ಮಾತ್ರ ನಗುತ್ತಿದ್ದ.

"ಆತಲ ಮಗಾ, ಒಪ್ಪಿದ. ನಾಳೆ ಮಧ್ಯಾಹ್ನಕ್ಕೆ ದಡದ ಬದಿಗೆ ಬರ್ತ."

"ಆಗೂದಿಲ್ಲ ಅಂದ್ನಲ ಮಾವಾ!"

"ಅದೇ ಮತ್ತೆ. ಎಲ್ಲಾ ಬೋಟಿನವ್ರೂ ಕೇಳ್ತಾ ಇರ್ತ್ರು. ಇದ್ದ ಜಾಗ ಬಿಟ್ಟು ಬರ್ತೆ ಅಂತ ಬಾಯ್ ಬಿಟ್ಟು ಹೇಳ್ತ್ನಾ?"

ಇದು ಹೊಸತೇನಲ್ಲ. ವಾಯರ್‌ಲೆಸ್‌ನಲ್ಲಿ ನಿಜ ಹೇಳುವ ತಾಂಡೇಲ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಮೀನು ಸಿಕ್ಕಿದೆ ಎಂದು ಹೇಳಿದರೆ ಉಳಿದ ಬೋಟುಗಳೆಲ್ಲ ಬಂದು ಮುತ್ತುತ್ತವೆ. ಅಪ್ಪ 'ಎಂತದೂ ಇಲ್ಲ, ಬಲೆ ಖಾಲಿ' ಎಂದು ಗೋಳಾಡಿದ ದಿನ ಅಮ್ಮ ಐಸಿಗೆ ಹೇಳಿಡುತ್ತಾಳೆ. ಸಣ್ಣವಳಿದ್ದಾಗಿನಿಂದ ಕೇಳಿ ಗೊತ್ತಿತ್ತು. ಆದರೂ ನನ್ನ ಕಾಲೇಜು ಅಪ್ಪನ ಒಂದು 'ಆಗೂದಿಲ್ಲ'ದ ಮೇಲೆ ನಿಂತಿತ್ತು. ಬಂದರಿನಲ್ಲಿ ಫೋನ್ ಕೇಳಿದಾಗಲೂ ಅವನು ಹೇಳಿದ್ದು ಅದೇ ಮಾತು, ಅದು ಅಪ್ಪಟ ನಿಜವಾಗಿತ್ತು.

ಮಾರನೆಯ ದಿನವೇ ಆರಿಸಲು ಕಡೆಯ ದಿನವಂತೆ. ನಿನ್ನೆ ತೆರೆದು ಇವತ್ತು ಮುಚ್ಚುವುದಾದರೆ ತೆರೆಯುವುದಾದರೂ ಏಕೆ ಎಂದು ಗುಂಪಿನಲ್ಲಿ ಎಲ್ಲರೂ ಕಿರುಚಾಡಿದರು. ಪೋರ್ಟಲ್ ಮೊಬೈಲಿನಲ್ಲಿ ಸರಿಯಾಗಿ ತೆರೆಯುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಕರೆಂಟ್ ಇರಲಿಲ್ಲ. ಹಾಗಾಗಿ ನಾವೆಲ್ಲ ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರದ ಅಜಯಣ್ಣನ ಝೆರಾಕ್ಸ್ ಅಂಗಡಿಗೆ ಬಿದ್ದೆವು. ಮೂರು ಕಂಪ್ಯೂಟರಿಗೆ ಇಡೀ ಕಾಲೇಜು. ಹಿಂದಿನವರು ಹೆಗಲ ಮೇಲಿಂದ ಇಣುಕುತ್ತಾರೆ, ಮುಂದಿನವರು ಏಳುವುದಿಲ್ಲ. ಪರದೆಯ ಮೇಲೆ ಚಕ್ರ ಸುತ್ತುತ್ತ ಇರುತ್ತದೆ. ಅಜಯಣ್ಣ ನಡುನಡುವೆ "ರಿಫ್ರೆಶ್ ಒತ್ತಬೇಡಿ, ಒತ್ತಿದ್ರೆ ಮೊದಲಿಂದ ಮಾಡ್ಬೇಕಾತದೆ" ಎಂದು ಕೂಗುತ್ತಾನೆ, ಅಷ್ಟರಲ್ಲಿ ಯಾರೋ ಒತ್ತಿರುತ್ತಾರೆ.

ದೀಪಿಕಾ ನನಗಿಂತ ಮೊದಲೇ ಕೂತಳು. ಅಪ್ಪನ ನಂಬರ್ ಎಂದು ಹೇಳಿ ತನ್ನದೇ ನಂಬರ್ ಕೊಟ್ಟ ಜಾಣೆ ಅವಳು. ಕಣ್ಣು ಮಿಟುಕಿಸುವುದರಲ್ಲಿ ವ್ಯಕ್ತಿತ್ವ ವಿಕಸನ ಹಿಡಿದು ಎದ್ದಳು. ಅವಳ ಕುರ್ಚಿಯಲ್ಲಿ ನಾನು ಕೂತೆ. ಆಹಾರ ಮತ್ತು ಪೋಷಣೆಯಲ್ಲಿ ಇನ್ನು ಹನ್ನೊಂದು ಸೀಟು ಉಳಿದಿತ್ತು.

ದೇವಪ್ಪ ಮಾವನಿಗೆ ಫೋನ್ ಮಾಡಿದೆ.

"ಬಂದ, ಬಂದ," ಎಂದ ಮಾವ. "ಈಗ ಇಂಜಿನ್ ನಿಲ್ಸಿದ್ದೆ ಅಂದ. ಒತ್ತು ನೀನು."

ಒತ್ತಿದೆ. ಒಟಿಪಿ ಕಳಿಸಲಾಗಿದೆ ಎಂದಿತು ಪರದೆ. ದೂರದ ಸಮುದ್ರದಲ್ಲಿ ಎಲ್ಲೋ ಒಂದು ಗಳ ಮೇಲೇರುತ್ತಿದೆ ಎಂದು ಊಹಿಸಿಕೊಂಡು ಕೂತೆ. ಹಿಂದೆ ನಿಂತ ಹುಡುಗನೊಬ್ಬ "ಬೇಗ ಮಾಡೆ, ಎಂತ ಜಪ ಮಾಡ್ತಿದ್ಯಾ?" ಎಂದ. ದೀಪಿಕಾ ಅವನಿಗೆ ಸರಿಯಾಗಿ ಬೈದಳು. ಸೀಟು ಒಂಬತ್ತಾಯಿತು. ಆಮೇಲೆ ಏಳು.

ಫೋನ್ ಬಡಿದುಕೊಂಡಿತು.

"ಬರ್ಕೊ ಮಗಾ," ಎಂದ ಮಾವ. "ಎಂಟು, ಸೊನ್ನೆ, ಮೂರು, ಮೂರು, ಒಂದು, ಕಡಿಗೆ ಐದು."

ಹಾಕಿದೆ. ಒಟಿಪಿ ತಪ್ಪಾಗಿದೆ ಎಂದಿತು.

ಅವಸರದಲ್ಲಿ ಬೇರೇನೋ ಒತ್ತಿರಬೇಕೆಂದು ಒಂದೊಂದೇ ಅಂಕಿ ಬಾಯಿಬಿಟ್ಟು ಹೇಳುತ್ತ ಮತ್ತೆ ಹಾಕಿದೆ. ಮತ್ತೆ ತಪ್ಪು. ಕೆಳಗೆ ಕೆಂಪಕ್ಷರದಲ್ಲಿ ಒಂದು ಸಾಲು ಬಂತು. ಇನ್ನು ಒಂದೇ ಅವಕಾಶ, ಅದೂ ತಪ್ಪಿದರೆ ಇಪ್ಪತ್ನಾಲ್ಕು ಗಂಟೆ ಖಾತೆ ಬಂದ್.

ಪೋರ್ಟಲ್ ಮುಚ್ಚುವುದು ಐದಕ್ಕೆ. ಫೋನನ್ನು ಮತ್ತೆ ಕಿವಿಗೆ ಹಿಡಿದೆ.

"ಮಾವಾ, ತಪ್ಪು ಅಂತದೆ! ಅಪ್ಪ ಹೇಳಿದ್ದು ಇದೇ ಹೌದಾ?"

"ಹೌದೇ. ನಾ ಎಂತ ಕಿವುಡನಾ? ಎಂಟು, ಸೊನ್ನೆ, ಮೂರು, ಮೂರು, ಒಂದು, ಏಳು."

"ಏಳಾ? ಈಗ ಐದು ಅಂದ್ಯಲ!"

"ಅವ ಹೇಳಿದ್ದು ಏಳು. ನಾ ಎರಡು ಕಳದು ಐದು ಅಂದೆ."

ಅಂಗಡಿಯಲ್ಲಿ ಇದ್ದವರೆಲ್ಲ ತಿರುಗಿ ನೋಡುವ ಹಾಗೆ ನಾನು ಕಿರುಚಿದೆ. "ಎರಡು ಕಳಿ ಅಂತ ಯಾರು ಹೇಳಿದ್ರು ನಿಂಗೆ?"

"ಯಾರಾದ್ರೂ ಎಂತಕ್ಕೆ ಹೇಳ್ಬೇಕು?" ಮಾವನಿಗೂ ಸಿಟ್ಟು ಬಂತು. "ಮೀನು ಬಿದ್ದ ಜಾಗದ ಅಂಕಿ ಹೇಳೂವಾಗ ನಮ್ಮ ಕೇರಿಯೋರು ಕಡಿ ಅಂಕಿಗೆ ಎರಡು ಸೇರ್ಸೇ ಹೇಳೂದು. ಕೇಳ್ದವ ಎರಡು ಕಳೀಬೇಕು. ಇಪ್ಪತ್ತು ವರ್ಷ ಆತು, ಹಾಂಗೇ ನಡ್ದದೆ. ನಿನ್ನಪ್ಪನೇ ಕಲ್ಸಿದ್ದು ನಂಗೆ."

ನಾನು ತಲೆಗೆ ಕೈ ಹೊತ್ತು ಕೂತೆ. ವಿಶ್ವವಿದ್ಯಾಲಯದವರು ಒಂದು ಕಡೆ, ನಮ್ಮ ಕೇರಿಯವರು ಇನ್ನೊಂದು ಕಡೆ. ನನ್ನನ್ನು ಬಿ.ಎ. ಮುಗಿಸಲು ಬಿಡಬಾರದೆಂದು ಇಬ್ಬರೂ ಕೂಡಿ ಮಾತಾಡಿಕೊಂಡ ಹಾಗಿತ್ತು.

"ಹಂಗಾದ್ರೆ ಏಳೇ ಹಾಕ್ತೆ," ಎಂದೆ.

"ತಡಿ, ತಡಿ," ಎಂದ ಮಾವ. "ನಿನ್ನಪ್ಪ ವಾಯರ್‌ಲೆಸ್‌ನಲ್ಲಿ ನಿಜ ಹೇಳೂದಾ? ಸಾಧ್ಯನೇ ಇಲ್ಲ. ನೀ ಹುಟ್ಟಿದ ದಿನ ಹುಡುಗ ಹುಡುಗ ಅಂತ ಎಲ್ಲಾ ಬೋಟಿಗೂ ಸುಳ್ಳು ಹೇಳ್ದವ. ಒಟಿಪಿ ಯಾರಿಗೂ ಹೇಳ್ಬಾರ್ದು ಅಂತ್ರಲ, ಅದ್ಕೆ ಈ ಸಲ ಎರಡರ ಬದ್ಲು ನಾಲ್ಕು ಸೇರ್ಸಿರಬೇಕು. ಮೂರು ಹಾಕು. ನನ್ನ ಮಾತು ಕೇಳು, ಮೂರೇ."

"ಅಪ್ಪನ್ನೇ ಕೇಳು ಮಾವಾ."

"ಕೇಳಿದ್ರೂ ಎಂತ ಹೇಳ್ತ? ಇನ್ನೊಂದು ಸುಳ್ಳು."

ಸೀಟು ನಾಲ್ಕಕ್ಕೆ ಇಳಿದಿತ್ತು. ಹೊಸ ಒಟಿಪಿ ಕೇಳೋಣವೆಂದರೆ ಗಳ ಮತ್ತೆ ಏರಿ ಇಳಿಯುವಷ್ಟರಲ್ಲಿ ಆ ನಾಲ್ಕೂ ಇರುವುದಿಲ್ಲ. ಏಳೋ, ಮೂರೋ. ದೀಪಿಕಾ ನನ್ನ ಭುಜ ಹಿಡಿದುಕೊಂಡಿದ್ದಳು.

ನಾನು ಅಪ್ಪನನ್ನು ನೆನೆದೆ. ಮೀನಿನ ವಿಷಯದಲ್ಲಿ, ಹವೆಯ ವಿಷಯದಲ್ಲಿ, ಬೋಟು ಎಲ್ಲಿದೆ ಎಂಬ ವಿಷಯದಲ್ಲಿ ಅವನು ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಆದರೆ ನನ್ನ ಹತ್ತಿರ? ಬೇಡವೆಂದರೆ ಬೇಡ, ಆಗುವುದಿಲ್ಲ ಎಂದರೆ ಆಗುವುದಿಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಒಂದು ಸಣ್ಣ ಸುಳ್ಳು ಹೇಳಿ ಸಮಾಧಾನ ಮಾಡುವುದೂ ಅವನಿಗೆ ಬರುವುದಿಲ್ಲ. ಈ ಅಂಕಿ ಅವನು ದೇವಪ್ಪ ಮಾವನಿಗೆ ಹೇಳಿದ್ದಲ್ಲ, ನನಗೆ ಹೇಳಿದ್ದು.

ಏಳು ಹಾಕಿದೆ.

ಚಕ್ರ ಸುತ್ತಿತು. ಸುತ್ತಿತು. ನಾನು ಕಣ್ಣು ಮುಚ್ಚಿಕೊಂಡೆ. ದೀಪಿಕಾ ಬೆನ್ನಿಗೊಂದು ಗುದ್ದು ಕೊಟ್ಟಾಗ ತೆರೆದು ನೋಡಿದರೆ ಹಸಿರಕ್ಷರ. ಆಹಾರ ಮತ್ತು ಪೋಷಣೆ, ಬೆಳಗಿನ ತರಗತಿ, ನೋಂದಣಿ ಯಶಸ್ವಿ. ನನಗೆ ಅಳು ಬಂತು. ಹಿಂದಿದ್ದ ಹುಡುಗ, "ಸಿಕ್ತಲ್ಲ, ಇನ್ನಾದ್ರೂ ಏಳು ಮಾರಾಯ್ತಿ" ಎಂದ. ಎದ್ದೆ. ಅಲ್ಲಿಂದ ಸೀದಾ ಬಸ್ಸು ಹಿಡಿದು ಬಂದರಿಗೆ ಬಂದು, ಮೀನು ಹಿಡಿದು, ಶಿರಾಲಿ ಪೇಟೆಯಲ್ಲಿ ಬುಟ್ಟಿಯೆದುರು ಕೂತೆ.

ಅಪ್ಪ ಟ್ರಿಪ್ ಮುಗಿಸಿ ಬಂದಾಗ ಬಂದರಿನಲ್ಲಿ ದೊಡ್ಡ ಜಗಳ ನಡೆದಿತ್ತು. ಬೇರೆ ಕೇರಿಯ ಬೋಟಿನವರು ಅಂದು ಅಪ್ಪ ಹೇಳಿದ ಆರು ಅಂಕಿಯನ್ನು ಮೀನಿನ ಜಾಗವೆಂದೇ ಬರೆದುಕೊಂಡಿದ್ದರಂತೆ. ಒಬ್ಬನ ಜಿಪಿಎಸ್ ಅದನ್ನು ಘಟ್ಟದ ಮೇಲಿನ ಯಾವುದೋ ಗುಡ್ಡದಲ್ಲಿ ತೋರಿಸಿತಂತೆ. ಇನ್ನೆರಡು ಬೋಟಿನವರು ಜಿಪಿಎಸ್ಸಿನ ತಂಟೆಯೇ ಬೇಡವೆಂದು ಸುಮ್ಮನೆ ಅಪ್ಪನ ಹಿಂದೆಯೇ ದಡದ ಕಡೆ ಬಂದು, ಬಲೆ ಹಾಕಿ, ಪ್ಲಾಸ್ಟಿಕ್ ಚೀಲ ಹಿಡಿದಿದ್ದರು. ಮಗಳ ಕಾಲೇಜಿನ ನಂಬರ್ ಅದು ಎಂದು ಅಪ್ಪ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಇವನ ಮಗಳಿಗೂ ಸಮುದ್ರದ ಮಧ್ಯಕ್ಕೂ ಏನು ಸಂಬಂಧ ಎಂದು ಬೈದರಂತೆ. ಅಪ್ಪ ಬಿಟ್ಟು ಬಂದ ಜಾಗದಲ್ಲಿ ಮಾತ್ರ ಬೇರೆ ಯಾರೋ ಬಲೆ ತುಂಬಿಕೊಂಡು ಹೋಗಿದ್ದರು. ಅದನ್ನು ಅಪ್ಪ ನನಗೆ ಹೇಳಲಿಲ್ಲ. ಅಮ್ಮ ಹೇಳಿದಳು.

ಮಾರನೆಯ ಬೆಳಿಗ್ಗೆ ಜಗುಲಿಯಲ್ಲಿ ಅಪ್ಪ ಚಾ ಕುಡಿಯುತ್ತಿದ್ದ. ನಾನು ಫೋನ್ ಹಿಡಿ ಎಂದು ಅವನೆದುರು ಕೂತೆ. ನಂಬರ್ ಬದಲಾವಣೆಯ ಅವಧಿ ಈ ಸಲ ಮಾತ್ರ ಇನ್ನೂ ಮುಗಿದಿರಲಿಲ್ಲ, ಅಪ್ಪ ಮನೆಯಲ್ಲಿದ್ದ, ಆ ಪುಟ ಮೊಬೈಲಿನಲ್ಲೂ ತೆರೆದುಕೊಂಡಿತ್ತು. ಮೂರೂ ಒಟ್ಟಿಗೆ ಆದದ್ದು ನನ್ನ ಜನ್ಮದಲ್ಲೇ ಮೊದಲ ಸಲ.

"ಈಗ ನಿಂಗೊಂದು ಒಟಿಪಿ ಬರ್ತದೆ. ಇದೇ ಕಡಿ. ಇದೊಂದು ಮುಗಿದ್ರೆ ಎಲ್ಲಾ ನನ್ನ ಫೋನಿಗೇ ಬರ್ತದೆ. ನಿಂಗೆ ಇನ್ನು ಆ ಗಳದ ರಗಳೆ ಇಲ್ಲ."

"ಹೌದಾ," ಎಂದ ಅಪ್ಪ. ಫೋನನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ಹಂಗಾದ್ರೆ ಇದ್ರಲ್ಲಿ ಇನ್ನು ಎಂತದೂ ಬರೂದಿಲ್ಲ."

"ಎಂತ ಬರ್ಬೇಕಿತ್ತು?"

ಫೋನಿನ ಪರದೆಯನ್ನು ಅಂಗಿಗೆ ಒರೆಸಿ ಹೇಳಿದ. "ಅಲ್ಲಿ ದಡದ ಬದಿಗೆ ಬಂದ ಸಂಜಿಗೆ ಗಳ ಇಳ್ಸಿದ್ರೆ ಎಲ್ಲರಿಗೂ ಎಂತಾದ್ರೂ ಬಂದಿರ್ತದೆ. ಈರನಿಗೆ ಹೆಂಡ್ತಿ ಮೆಸೇಜು, ದಾಸನಿಗೆ ಮಕ್ಕಳ ಫೋಟೊ. ನಿನ್ನ ಅಮ್ಮಂಗೆ ಮಾಡೂಕೆ ಬರೂದಿಲ್ಲ. ನೀ ಮಾಡೂದಿಲ್ಲ. ನಂಗೆ ಬರೂದು ನಿನ್ನ ಕಾಲೇಜಿಂದೊಂದೇ. ನಿಮ್ಮ ಮಗಳು ದೀಕ್ಷಾ ಇಂದು ತರಗತಿಗೆ ಹಾಜರಾಗಿದ್ದಾಳೆ, ಅಂತ. ಅಷ್ಟೇ ಇರ್ತದೆ. ಓದಿ ಮಲಗ್ತೆ."

ಇದಕ್ಕೇ ಫೋನ್ ಬಿಟ್ಟು ಹೋಗಿರಲಿಲ್ಲ. ಅದನ್ನು ಅಂದೇ ಬಾಯಿಬಿಟ್ಟು ಹೇಳಿದ್ದರೆ ಇವನ ಗಂಟು ಏನು ಹೋಗುತ್ತಿತ್ತು? ನನಗೆ ಸಿಟ್ಟು ಬಂತು. ಇನ್ನು ನಾನೇ ದಿನಾ ಮೆಸೇಜ್ ಮಾಡುತ್ತೇನೆ ಎನ್ನಬಹುದಿತ್ತು. ಆದರೆ ನಾಲ್ಕು ದಿನ ಮಾಡಿ ಐದನೆಯ ದಿನ ಮರೆಯುವವಳು ನಾನು, ಅದು ನನಗೇ ಗೊತ್ತಿತ್ತು. ಕಾಲೇಜಿನ ಕಂಪ್ಯೂಟರಿಗೆ ಉಳಿದದ್ದೆಲ್ಲ ಮರೆತರೂ ಇದೊಂದು ಮರೆಯುವುದಿಲ್ಲ.

ಅಪ್ಪನ ಫೋನ್ ಕುಂಯ್ ಎಂದಿತು. ಅವನು ಕಣ್ಣು ಕಿರಿದು ಮಾಡಿ ಓದಿದ. ಒಂದೊಂದೇ ಅಂಕಿ, ನಿಧಾನವಾಗಿ, ನಾನು ತಪ್ಪು ಹಾಕಬಾರದೆಂದು.

"ಆರು. ಎರಡು. ಒಂಬತ್ತು. ಸೊನ್ನೆ. ಐದು. ಕಡಿಗೆ ನಾಲ್ಕು." ಆಮೇಲೆ ಸೇರಿಸಿದ: "ನಾಲ್ಕೇ. ನಿಜ ನಾಲ್ಕು."

ನಾನು ಐದು ಅಂಕಿ ಅವನು ಹೇಳಿದ ಹಾಗೆಯೇ ಹಾಕಿದೆ. ಕಡೆಗೆ ಆರು ಹಾಕಿದೆ. ಇನ್ನೊಂದೇ ಸೆಮಿಸ್ಟರ್ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ಇನ್ನೊಂದು ಸೆಮಿಸ್ಟರ್ ನೆನೆದರೆ ಈಗಲೇ ತಲೆ ಸಿಡಿಯುತ್ತಿತ್ತು.

"ತಪ್ಪು ಅಂತದೆ," ಎಂದೆ. "ಈ ಹಾಳು ಪೋರ್ಟಲ್ಲೇ ಹಿಂಗೆ. ಬಿಡು ಅಪ್ಪಾ, ನಿನ್ನ ನಂಬರೇ ಇರ್ಲಿ."

ಅಪ್ಪ ಬಗ್ಗಿ ನನ್ನ ಫೋನಿನ ಪರದೆ ನೋಡಿದ. ಕಡೆಯ ಅಂಕಿಯನ್ನೂ ನೋಡಿದ. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಚಾದ ಲೋಟ ಎತ್ತಿಕೊಂಡು, ಒಳಗಿದ್ದ ಅಮ್ಮನಿಗೆ ಕೇಳುವ ಹಾಗೆ ಹೇಳಿದ.

"ಹಂಗಾದ್ರೆ ಮುಂದಿನ ಸಲಕ್ಕೆ ಇನ್ನೊಂಚೂರು ಉದ್ದದ ಗಳ ಕಟ್ಬೇಕಾತು."